ಆರ್ಡಿತ್ ಕತ್ತರಿಸದ ಫೋಟೋ

ಈ ಸಲ ಹೋಗಲು ಮಾರ್ಲಿಸ್‌ಗೆ ಮನಸ್ಸಿರಲಿಲ್ಲ. ಲವಾನ್ ಬಿಡಲಿಲ್ಲ. ಶುಕ್ರವಾರ ಮಧ್ಯಾಹ್ನ ವ್ಯಾನ್ ತಂದು ಮನೆ ಮುಂದೆ ನಿಲ್ಲಿಸಿದಳು, ಹಾರ್ನ್ ಒತ್ತಿದಳು, ಒತ್ತಿದ ಕೈ ತೆಗೆಯಲೇ ಇಲ್ಲ.

"ಅಕ್ಕಪಕ್ಕದೋರು ಪೊಲೀಸ್ರನ್ನ ಕರೀತಾರೆ ಕಣೇ," ಎಂದು ಮಾರ್ಲಿಸ್ ಬಾಗಿಲು ತೆಗೆದಳು.

"ಕರೀಲಿ. ಹಿಂದೆ ಮಾಂಸ, ಆಲೂಗಡ್ಡೆ ಹಾಕಿ ಬೇಯ್ಸಿದ ಹಾಟ್‌ಡಿಶ್ ಬಿಸಿಬಿಸಿ ಇದೆ. ಅವರಿಗೂ ಒಂದು ಸೌಟು ಹಾಕ್ತೀನಿ. ನಿನ್ನ ಪೆಟ್ಟಿಗೆ ಎಲ್ಲಿ?"

"ನಾನು ಬರಲ್ಲ ಅಂತ ಹೇಳಿದ್ನಲ್ಲ."

"ಹೇಳ್ದೆ. ಕೇಳಿಸ್ಕೊಂಡೆ. ಈಗ ಪೆಟ್ಟಿಗೆ ಎಲ್ಲಿ?"

ಮುಂದಿನ ಸೀಟಿನಲ್ಲಿ ಆರ್ಡಿತ್ ತೊಡೆ ಮೇಲೆ ಕೇಕಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಆ ಜಾಗ ಮಾರ್ಲಿಸ್‌ಗೆ ಬಿಟ್ಟು, ಇಳಿದು ಹಿಂದಕ್ಕೆ ಹೋಗಿ ಕೂತಳು. ಹಿಂದೆ ಕೂತರೆ ಆರ್ಡಿತ್‌ಗೆ ಹೊಟ್ಟೆ ತೊಳಸುತ್ತದೆ. ಅದು ಮಾರ್ಲಿಸ್‌ಗೆ ಗೊತ್ತು. ಹಾಗಾಗಿ ಒಳಗೆ ಹೋಗಿ ಪೆಟ್ಟಿಗೆ ತಂದಳು. ಜೊತೆಗೆ ಒಂದು ಶೂ ಡಬ್ಬಿಯನ್ನೂ ತಂದಳು. ಅದನ್ನು ಯಾರ ಕೈಗೂ ಕೊಡಲಿಲ್ಲ.

ಮೂವರೂ ಊರಿನ ಶಾಲೆಯ ಅಡುಗೆಮನೆಯಲ್ಲಿ ಒಟ್ಟಿಗೆ ಕೆಲಸ ಮಾಡಿದವರು. ಹೆಚ್ಚು ಓದಿದವರಲ್ಲ. ತಲೆಗೆ ಬಲೆ ಕಟ್ಟಿಕೊಂಡು, ಮಕ್ಕಳ ತಟ್ಟೆಗೆ ಬಟಾಣಿ ಬಡಿಸಿಕೊಂಡೇ ವಯಸ್ಸಾದವರು. ಪ್ರತಿ ಅಕ್ಟೋಬರ್, ಮುಸುಕಿನ ಜೋಳ ಕೊಯ್ದಾದ ಮೇಲೆ, ಪಕ್ಕದ ಊರಿನ ಚರ್ಚಿನ ಹಿಂದಿರುವ ಹಳೇ ಪಾದ್ರಿ ಮನೆಗೆ ಹೋಗುತ್ತಿದ್ದರು. ಪಾದ್ರಿ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಈಗ ಆ ಮನೆ ಫೋಟೋ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಹೆಂಗಸರಿಗೆಂದೇ ಬಾಡಿಗೆಗೆ ಸಿಗುತ್ತಿತ್ತು. ಕೆಳಗೆ ಉದ್ದುದ್ದ ಮೇಜು, ತಲೆಗೊಂದು ದೀಪ. ಮೇಲೆ ಮಂಚಗಳು. ಶುಕ್ರವಾರದಿಂದ ಭಾನುವಾರದವರೆಗೆ "ನನ್ನ ಕಾಲುಚೀಲ ಎಲ್ಲಿ" ಎಂದು ಕೇಳುವವರು ಒಬ್ಬರೂ ಇಲ್ಲ.

ಕರೆದುಕೊಂಡು ಹೋಗುತ್ತಿದ್ದವನು, ಭಾನುವಾರ ಬೆಳಿಗ್ಗೆ ಬಂದು ವಾಪಸು ಕರೆತರುತ್ತಿದ್ದವನು ಮಾರ್ಲಿಸ್‌ಳ ಗಂಡ ಗೇಲನ್. ಅವನು ಈ ವರ್ಷ ಮಾರ್ಚ್‌ನಲ್ಲಿ ಹೋದ. ಅಂಗಳದ ಹಿಮ ತೆಗೆದು ಬಂದವನು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತ. ಮತ್ತೆ ಏಳಲಿಲ್ಲ.

ದಾರಿಯುದ್ದಕ್ಕೂ ಲವಾನ್ ಮಾತಾಡಿದಳು. ಆರ್ಡಿತ್ ಕಿಟಕಿ ಇಳಿಸಿ ಗಾಳಿ ಕುಡಿದಳು. ಮಾರ್ಲಿಸ್ ಶೂ ಡಬ್ಬಿ ಹಿಡಿದುಕೊಂಡು ಕೂತಳು.

ಒಳಗೆ ಕಾಲಿಟ್ಟಾಗ ಅದೇ ವಾಸನೆ ಬಂತು. ಹೊಸ ಕಾಗದ, ಅಂಟು, ನೀರು ಕಾಫಿ. ಅವಳು ಬೇಡವೆಂದರೂ ಮೈ ಹಗುರವಾಯಿತು. ತಕ್ಷಣ ತನ್ನ ಮೇಲೇ ಸಿಟ್ಟು ಬಂತು.

ಶನಿವಾರ ಯಾರೂ ಸರಿಯಾದ ಬಟ್ಟೆ ಹಾಕಿಕೊಳ್ಳಲಿಲ್ಲ. ಅದು ಅಲ್ಲಿಯ ಪದ್ಧತಿ. ರಾತ್ರಿಯ ಪೈಜಾಮದಲ್ಲೇ ಬಂದು ಮೇಜಿಗೆ ಕೂತರು. ನಡುವೆ ಚಾಕೊಲೇಟಿನ ಬೋಗುಣಿ. ಲವಾನ್ ತನ್ನ ಸಾಮಾನು ಹರಡಿದಳು. ಅಂಚು ಅಲೆಅಲೆಯಾಗಿ ಬರುವ ಕತ್ತರಿ, ಹಲ್ಲುಹಲ್ಲಾಗಿ ಬರುವ ಕತ್ತರಿ, ಹೃದಯದ ಅಚ್ಚು, ಮೊಟ್ಟೆಯಾಕಾರದ ಅಚ್ಚು, ಎಲೆಯ ಅಚ್ಚು. ದಾದಿಯರು ಆಪರೇಷನ್ನಿಗೆ ಜೋಡಿಸಿದ ಹಾಗೆ ಸಾಲಾಗಿಟ್ಟಳು.

ಈ ಕೆಲಸ ಉಳಿದಿಬ್ಬರಿಗೂ ಕಲಿಸಿದವಳು ಲವಾನ್. ಅವಳದು ಒಂದೇ ನಿಯಮ. ಫೋಟೋದಲ್ಲಿ ಮುಖ ಬೇಕು, ಮಿಕ್ಕಿದ್ದೆಲ್ಲ ಕಸ. ಆಕಾಶ ಕಸ, ನೆಲ ಕಸ, ಹಿಂದೆ ನಿಂತ ಟ್ರಾಕ್ಟರ್ ಕಸ. ಅಚ್ಚಿಟ್ಟು ಗೆರೆ ಎಳಿ, ಕತ್ತರಿಸು, ಬಣ್ಣದ ಕಾಗದಕ್ಕೆ ಅಂಟಿಸು, ಸುತ್ತ ಎಲೆ ಹೂ ಹಚ್ಚು. ಮಾರ್ಲಿಸ್ ಆ ನಿಯಮವನ್ನು ಲವಾನ್‌ಗಿಂತ ಶ್ರದ್ಧೆಯಿಂದ ಪಾಲಿಸಿದಳು. ಅವಳ ಕೈ ನೀಟು. ಅವಳ ಆಲ್ಬಮ್‌ಗಳನ್ನು ನೋಡಲು ಬೇರೆ ಮೇಜಿನ ಹೆಂಗಸರು ಎದ್ದು ಬರುತ್ತಿದ್ದರು.

ಆರ್ಡಿತ್‌ಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಫೋಟೋ ಸ್ಟುಡಿಯೋದಿಂದ ಹೇಗೆ ಬಂತೋ ಹಾಗೇ, ನಾಲ್ಕು ಮೂಲೆಗೂ ಅಂಟು ಮೆತ್ತಿ ಪುಟಕ್ಕೆ ಒತ್ತಿಬಿಡುತ್ತಿದ್ದಳು. ವರ್ಷದ ಕ್ರಮವಿಲ್ಲ, ಹೂವಿಲ್ಲ, ಎಲೆಯಿಲ್ಲ. ಸಾಲದ್ದಕ್ಕೆ ಪ್ರತಿ ಸಲವೂ ಹಳೆಯ ಆಲ್ಬಮ್‌ಗಳನ್ನೆಲ್ಲ ಚಕ್ರದ ಪೆಟ್ಟಿಗೆಯಲ್ಲಿ ತುಂಬಿಕೊಂಡು ಎಳೆದು ತರುತ್ತಿದ್ದಳು.

"ಮನೇಲಿ ಯಾರಾದ್ರೂ ಕದೀತಾರೇನೇ ಅವನ್ನ?" ಎಂದಳು ಲವಾನ್, ಆ ಪೆಟ್ಟಿಗೆ ತನ್ನ ಕಾಲಿಗೆ ತಾಗಿದಾಗ.

"ನಂಗೆ ಇಲ್ಲಿ ನೋಡ್ಬೇಕು ಅನ್ಸುತ್ತೆ."

"ಕತ್ತರಿ ಕಂಡ್ರೆ ಹೆದರೋಳು ನೀನು. ಕೋಳಿ ಹೇಗೆ ಕತ್ತರಿಸ್ತಿದ್ದೆ ಅಡುಗೆಮನೇಲಿ?"

"ಕೋಳಿ ಸತ್ತಿರುತ್ತೆ."

ಲವಾನ್ ಬಾಯಲ್ಲಿದ್ದ ಕಾಫಿ ಮೂಗಿಗೆ ಹತ್ತಿತು. ಮಾರ್ಲಿಸ್ ಕೂಡ ನಕ್ಕಳು. ನಕ್ಕಿದ್ದು ಅವಳಿಗೇ ಗೊತ್ತಾಗಲಿಲ್ಲ. ಎಷ್ಟು ವರ್ಷ ಹೀಗೇ ನಕ್ಕಿದ್ದಾರೆ ಇಲ್ಲಿ. ಒಬ್ಬಳ ಮಗುವಿಗೆ ಹಲ್ಲು ಬಿದ್ದದ್ದನ್ನು ಮೂವರೂ ಸೇರಿ ನೋಡುವುದು. ಹಳೇ ಹೆಡ್‌ಮಾಸ್ಟರನ ಮೀಸೆ ಸಿಕ್ಕರೆ ಮೇಜಿನ ಸುತ್ತ ದಾಟಿಸುವುದು. ಲವಾನ್ ಒಮ್ಮೆ ಗುಂಗುರು ಮಾಡಿಸಿಕೊಂಡಿದ್ದ ಕೂದಲನ್ನು ಪ್ರತಿ ವರ್ಷ ಹೊಸದಾಗಿ ಆಡಿಕೊಳ್ಳುವುದು. ಭಾನುವಾರ ಗೇಲನ್ ಬಂದು ಗಾಡಿ ನಿಲ್ಲಿಸಿದಾಗ "ಇಷ್ಟು ಬೇಗ ಯಾಕ್ ಬಂದ್ರಿ" ಎಂದು ಬೈಯುವುದು. ಆಗ ಅವನನ್ನು ಕಾಯಿಸುತ್ತಿದ್ದರು. ಅವನು ಹೊರಗೆ ಗಾಡಿಗೆ ಒರಗಿಕೊಂಡು ಸೂರ್ಯಕಾಂತಿ ಬೀಜ ಜಗಿಯುತ್ತ ಕಾಯುತ್ತಿದ್ದ.

ಇನ್ನೊಂದಿಷ್ಟು ಹೊತ್ತು ಕಾಯಲಿ ಎಂದವಳು ತಾನೇ. ಅದು ನೆನಪಾಗಿ ಮಾರ್ಲಿಸ್‌ಳ ನಗು ನಿಂತಿತು. ಶೂ ಡಬ್ಬಿಯ ಮುಚ್ಚಳ ತೆಗೆದಳು.

ಅದರಲ್ಲಿದ್ದವು ಆಲ್ಬಮ್ಮಿಗೆ ಸೇರದೆ ಉಳಿದ ಫೋಟೋಗಳು. ಮಸುಕಾದವು, ಕಣ್ಣು ಮುಚ್ಚಿದವು, ಬೆರಳು ಅಡ್ಡ ಬಂದವು. ಅವಳು ಒಂದೊಂದಾಗಿ ತೆಗೆದು ದೀಪಕ್ಕೆ ಹಿಡಿದಳು. ಮುಖ ನೋಡಲಿಲ್ಲ. ಬುಡ ನೋಡಿದಳು. ಪಕ್ಕಕ್ಕಿಟ್ಟಳು. ಇನ್ನೊಂದು ತೆಗೆದಳು.

ಊಟದ ಹೊತ್ತಿಗೆ ಡಬ್ಬಿ ಬರಿದಾಯಿತು. ಅವಳು ಒಂದು ಕಾಗದವನ್ನೂ ಕತ್ತರಿಸಿರಲಿಲ್ಲ.

"ಏನ್ ಹುಡುಕ್ತಿದೀಯೇ ಬೆಳಿಗ್ಗೆಯಿಂದ?" ಲವಾನ್ ಕೇಳಿದಳು.

"ಏನಿಲ್ಲ."

"ಏನಿಲ್ದೇ ಇದ್ರೆ ಈ ಮೂತಿ ಯಾಕೆ?"

ಮಾರ್ಲಿಸ್ ಫೋಟೋಗಳನ್ನು ಡಬ್ಬಿಗೆ ತುಂಬಿದಳು. ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು. "ಗೇಲನ್‌ನ ಹುಡುಕ್ತಿದೀನಿ."

ಮನೆಯಲ್ಲಿ ಅವನ ಫೋಟೋ ಇಲ್ಲವೆಂದಲ್ಲ. ಮದುವೆಯದ್ದಿದೆ. ಅವನು ಕೆಲಸ ಮಾಡುತ್ತಿದ್ದ ಕಾಳಿನ ಗೋದಾಮಿನವರು ಗುರುತಿನ ಚೀಟಿಗೆಂದು ತೆಗೆದದ್ದಿದೆ. ಸಾವಿನ ಸುದ್ದಿಯ ಜೊತೆ ಪತ್ರಿಕೆಯಲ್ಲಿ ಬಂದದ್ದಿದೆ. ಎಲ್ಲದರಲ್ಲೂ ಕತ್ತು ಬಿಗಿದುಕೊಂಡು, ಹಲ್ಲು ಕೀಳಿಸಿಕೊಳ್ಳಲು ಕೂತವನ ಹಾಗಿದ್ದಾನೆ. ಅದು ಅವನಲ್ಲ. ಅವನು ಯಾವಾಗಲೂ ಕ್ಯಾಮೆರಾದ ಹಿಂದೆ ಇದ್ದವನು. ಮದುವೆಯಾದ ವರ್ಷ ಕ್ಯಾಮೆರಾ ಮಾರಿದವನು ಸೂರ್ಯ ಬೆನ್ನಿಗಿರಲಿ ಎಂದು ಹೇಳಿಕೊಟ್ಟಿದ್ದ. ಗೇಲನ್ ಸಾಯುವ ತನಕ ಅದನ್ನು ಮೀರಲಿಲ್ಲ. ಅವನು ತೆಗೆದ ಫೋಟೋಗಳಲ್ಲಿ ಇಡೀ ಸಂಸಾರ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡೇ ಇದೆ. ಬುಡದಲ್ಲಿ, ಹುಲ್ಲಿನ ಮೇಲೋ ಹಿಮದ ಮೇಲೋ, ಅವನ ನೆರಳು ಬಿದ್ದಿರುತ್ತಿತ್ತು. ಟೋಪಿ, ಎರಡೂ ಕಡೆ ಚಾಚಿದ ಮೊಣಕೈ.

"ಕೆಳಗಡೆ ಇರ್ತಿದ್ದ. ನಾನು ಕೆಳಗಡೇನೆಲ್ಲ ಕತ್ತರಿಸಿ ಬಿಸಾಕಿದೀನಿ," ಎಂದಳು ಮಾರ್ಲಿಸ್. "ಅವನು ಹೋದ್ಮೇಲೆ ಎಲ್ಲಾ ಆಲ್ಬಮ್ಮೂ ತೆಗೆದು ನೋಡ್ದೆ. ಬರೀ ಮೊಟ್ಟೆ, ಬರೀ ಹೃದಯ. ಒಂದ್ರಲ್ಲೂ ನೆಲ ಇಲ್ಲ."

"ನೆಗೆಟಿವ್?" ಎಂದಳು ಆರ್ಡಿತ್.

"ನೆಲಮಾಳಿಗೇಲಿತ್ತು. ನೀರು ನುಗ್ಗಿದ ವರ್ಷ ಎಲ್ಲಾ ಅಂಟಿಕೊಂಡು ಒಂದೇ ಮುದ್ದೆ ಆಯ್ತು. ಮುಖ ಮರೆಯಲ್ಲ ನಂಗೆ. ಅವನು ನಿಂತ್ಕೊಳ್ತಿದ್ದ ರೀತಿ ಇದೆಯಲ್ಲ, ಅದು ಹೋಗ್ತಾ ಇದೆ. ಬೇಸಿಗೇಲಿ ಕಣ್ಮುಚ್ಚಿದ್ರೆ ಬರ್ತಿತ್ತು. ಈಗ ಬರ್ತಿಲ್ಲ."

ಲವಾನ್ ತನ್ನ ಅಲೆ ಕತ್ತರಿಯನ್ನು ನೋಡಿದಳು. ಅದನ್ನು ಎತ್ತಿ ಪೆಟ್ಟಿಗೆಗೆ ಹಾಕಿದಳು. ಮೊಟ್ಟೆಯ ಅಚ್ಚನ್ನೂ ಹಾಕಿದಳು. ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುವ ಸದ್ದು ಕೇಳಿಸಿತು.

ಆರ್ಡಿತ್ ಬಗ್ಗಿ ಚಕ್ರದ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಗೇಲನ್ ಯಾವಾಗ್ಲೂ ಎರಡೆರಡು ಪ್ರತಿ ಹಾಕಿಸ್ತಿದ್ದ," ಎಂದಳು. "ಎರಡನೇದು ಪುಕ್ಕಟೆ ಅಂತ. ನಿಂಗೆ ಬೇಡದ್ದನ್ನ ನಂಗೆ ಕೊಡ್ತಿದ್ದೆ. ಮರೆತ್ಯಾ?"

ಮಾರ್ಲಿಸ್ ಮರೆತಿದ್ದಳು. ಕೊಟ್ಟಿದ್ದು ಹೌದು. ಆರ್ಡಿತ್‌ಗೆ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ಪಾಪ, ಅವಳ ಪುಟಗಳೂ ತುಂಬಲಿ ಎಂದು ಕೊಟ್ಟಿದ್ದಳು.

"ನೀನು ಅವನ್ನ ಇಟ್ಕೊಂಡಿದೀಯಾ?"

"ಬಿಸಾಕೋಕೆ ನಂಗೇನು ಹುಚ್ಚೇ?"

ಇಬ್ಬರೂ ಹುಡುಕಿದರು. ಆರ್ಡಿತ್‌ಳ ಆಲ್ಬಮ್ಮಿನಲ್ಲಿ ಹುಡುಕುವುದು ಹುಲ್ಲಿನ ಬಣವೆ ಕೆದಕಿದ ಹಾಗೆ. ಕ್ರಿಸ್ಮಸ್ ಪಕ್ಕದಲ್ಲಿ ಮೀನು, ಮೀನಿನ ಪಕ್ಕದಲ್ಲಿ ಯಾರದೋ ಮದುವೆ. ಗೇಲನ್ ತೆಗೆದದ್ದೆಂದು ಗೊತ್ತಾಗುತ್ತಿತ್ತು, ಮಾರ್ಲಿಸ್‌ಳ ಮನೆಯವರೇ ತುಂಬಿರುವುದರಿಂದ. ಆದರೆ ಒಂದು ಮೋಡದ ದಿನದ್ದು. ಇನ್ನೊಂದು ಚರ್ಚಿನ ಒಳಗೆ. ಮತ್ತೊಂದರಲ್ಲಿ ನಡುಮಧ್ಯಾಹ್ನ, ನೆರಳು ಯಾರಿಗೂ ಇಲ್ಲ. ಒಂದರಲ್ಲಿ ಬುಡದಲ್ಲಿ ಏನೋ ಕಪ್ಪಗಿತ್ತು. ಮಾರ್ಲಿಸ್ ಅದನ್ನು ದೀಪದ ಹತ್ತಿರಕ್ಕೆ ಹಿಡಿದಳು. ನೋಡಿದರೆ ನಾಯಿ.

ಲವಾನ್ ಪಾತ್ರೆ ಒರೆಸುವ ಬಟ್ಟೆಗೆ ಕೈ ಒರೆಸುತ್ತ ಬಂದು ಅವರ ಹಿಂದೆ ನಿಂತಳು. ಮೂಗು ಕೆಂಪಗಿತ್ತು.

"ನಂಗೂ ಒಂದು ಕೊಡ್ರೇ," ಎಂದಳು. ಒಂದು ಆಲ್ಬಮ್ ತೆಗೆದುಕೊಂಡು ಕೂತಳು.

ಸಿಕ್ಕಿದ್ದು ಅವಳಿಗೇ. ಅವಳು ಕೂಗಲಿಲ್ಲ. ಆಲ್ಬಮ್ಮನ್ನು ತಿರುಗಿಸಿ ಮಾರ್ಲಿಸ್‌ಳ ಮುಂದೆ ದೂಡಿದಳು ಅಷ್ಟೇ.

ಇದೇ ಮನೆ. ಇದೇ ಮೆಟ್ಟಿಲು. ಅವರು ಇಲ್ಲಿಗೆ ಬಂದ ಮೊದಲ ವರ್ಷ. ಭಾನುವಾರ ಬೆಳಿಗ್ಗೆ ಕರೆದೊಯ್ಯಲು ಬಂದಾಗ ಗೇಲನ್ ತೆಗೆದದ್ದು. ಮೆಟ್ಟಿಲ ಮುಂದೆ ಮೂವರೂ ಸಾಲಾಗಿ, ಲವಾನ್ ಗುಂಗುರು ಕೂದಲಲ್ಲಿ, ಮೂವರ ಕಣ್ಣೂ ಗೆರೆಯಷ್ಟೇ. ಫೋಟೋದ ಅರ್ಧಕ್ಕರ್ಧ ಬರೀ ಹುಲ್ಲು. ಹುಲ್ಲಿನ ಮೇಲೆ ಉದ್ದಕ್ಕೆ ಗೇಲನ್.

ಟೋಪಿಯ ಮೂತಿ ಒಂದು ಪಕ್ಕಕ್ಕೆ ತಿರುಗಿತ್ತು. ಅವನು ಕ್ಯಾಮೆರಾಗೆ ಅಡ್ಡ ಬರುತ್ತದೆಂದು ಹಾಗೆ ತಿರುಗಿಸಿಕೊಳ್ಳುತ್ತಿದ್ದ. ಮೊಣಕೈ ಎರಡೂ ಅಗಲಕ್ಕೆ. ಒಂದು ಕಾಲು ಮುಂದೆ. ಮುಂದಿಟ್ಟ ಕಾಲಿನ ಮಂಡಿ ಸ್ವಲ್ಪ ಬಾಗಿತ್ತು. ಯಾವುದೋ ಭಾರ ಎತ್ತಲು ಹೊರಟವನ ಹಾಗೆ. ಅವನ ತಲೆಯ ನೆರಳು ಹೋಗಿ ಮಾರ್ಲಿಸ್‌ಳ ಶೂ ಮೇಲೆ ಬಿದ್ದಿತ್ತು.

ಇದೇ ಫೋಟೋ ಅವಳ ಆಲ್ಬಮ್ಮಿನಲ್ಲೂ ಇದೆ. ಮೊಟ್ಟೆಯಾಕಾರದಲ್ಲಿ ಮೂರು ತಲೆ, ಸುತ್ತ ಮೇಪಲ್ ಎಲೆ. ಬಹಳ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದ ಪುಟ.

"ಮಂಡಿ," ಎಂದಳು ಮಾರ್ಲಿಸ್. "ಮಂಡಿ ಬಗ್ಗಿಸ್ತಿದ್ದ. ನೋಡ್ರೇ."

ಅವರಿಬ್ಬರೂ ನೋಡಿದರು.

"ತಗೋ," ಎಂದಳು ಆರ್ಡಿತ್. "ಕಿತ್ಕೋ ಅದನ್ನ."

ಅಂಟಿಸಿದ ಫೋಟೋ ಬಿಡಿಸಲು ಇವರೆಲ್ಲರಿಗೂ ಒಂದೇ ದಾರಿ ಗೊತ್ತು. ಹಲ್ಲಿನ ಸಂದಿಗೆ ಹಾಕುವ ದಾರ. ಲವಾನ್ ಮೇಲೆ ಹೋಗಿ ತನ್ನದನ್ನು ತಂದಳು. ಎರಡೂ ಕೈಗೆ ಸುತ್ತಿ, ಫೋಟೋದ ಮೇಲಂಚಿನ ಹಿಂದೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಎಳೆದಳು. ಅವಳ ಕೈ ಇಷ್ಟು ಮೆತ್ತಗೆ ಆಡಿದ್ದನ್ನು ಮಾರ್ಲಿಸ್ ಹಿಂದೆ ನೋಡಿರಲಿಲ್ಲ. ಮನೆ ಬಿಟ್ಟಿತು. ಮೆಟ್ಟಿಲು ಬಿಟ್ಟಿತು. ಮೂವರ ತಲೆ ಬಿಟ್ಟಿತು. ಹುಲ್ಲಿಗೆ ಬಂದಾಗ ದಾರ ನಿಂತಿತು.

"ಎಷ್ಟು ಅಂಟು ಮೆತ್ತಿದೀಯೇ ಇಲ್ಲಿ? ಗೋಡೆ ಕಟ್ತಿದ್ಯಾ?"

"ಬೀಳಬಾರ್ದಲ್ಲ ಅಂತ," ಎಂದಳು ಆರ್ಡಿತ್.

ಲವಾನ್ ಇನ್ನೊಂದು ಸಲ ಎಳೆದಳು. ಫೋಟೋದ ಅಂಚಿನಲ್ಲಿ ಬಿಳಿಯ ಗೆರೆಯೊಂದು ಎದ್ದಿತು. ಟೋಪಿಯ ಹತ್ತಿರಕ್ಕೇ ಬಂತು.

"ನಿಲ್ಸು," ಎಂದಳು ಮಾರ್ಲಿಸ್. "ಬೇಡ. ಬಿಡು. ಕಿತ್ರೆ ಅವನೇ ಹರಿದು ಹೋಗ್ತಾನೆ."

ಲವಾನ್ ದಾರ ಬಿಟ್ಟಳು. "ನಾನು ಫೋನಲ್ಲಿ ತೆಗ್ದು ಕೊಡ್ತೀನಿ ಕಣೇ. ಇದೇ ಥರ ಬರುತ್ತೆ."

"ತೆಗಿ," ಎಂದಳು ಮಾರ್ಲಿಸ್. ಆದರೆ ಅವಳ ಕೈ ಪುಟದ ಮೇಲೇ ಇತ್ತು. ಲವಾನ್ ಫೋನ್ ಹಿಡಿದುಕೊಂಡು ಕಾದಳು. ಕೈ ಸರಿಯಲಿಲ್ಲ. ಈ ಕಾಗದ ಅವನು ಸ್ಟುಡಿಯೋದಿಂದ ತಂದು, ಬಡ್ಡು ಬೆರಳಲ್ಲಿ ಲಕೋಟೆ ಬಿಡಿಸಿ, ಊಟದ ಮೇಜಿನ ಮೇಲೆ ಎರಡು ಸಾಲು ಮಾಡಿ ಹಂಚಿದ ಕಾಗದ.

ಆರ್ಡಿತ್ ಆಲ್ಬಮ್ಮನ್ನು ತನ್ನ ಕಡೆ ಎಳೆದುಕೊಂಡಳು. ಅದರ ಬೆನ್ನಿಗಿದ್ದ, ಹಾಳೆಗಳನ್ನು ಹಿಡಿದಿಡುವ ಪಟ್ಟಿ ಸಡಿಲಿಸಿದಳು. ಮೊದಲ ಪುಟ ಜಾರಿಸಿ ತೆಗೆದಳು. ಎರಡನೆಯದು ತೆಗೆದಳು. ನಡುವಿನ ಪುಟ ಬೇಕಾದರೆ ಮುಂದಿನವನ್ನೆಲ್ಲ ಬಿಚ್ಚಲೇಬೇಕು. ಹಾಳೆಗಳು ಮೇಜಿನ ಮೇಲೆ ಚಾಕೊಲೇಟಿನ ಸುತ್ತ ಹರಡಿಕೊಂಡವು.

"ಏನ್ ಮಾಡ್ತಿದೀಯಾ?" ಮಾರ್ಲಿಸ್ ಕೇಳಿದಳು.

"ಪುಟಾನೇ ತಗೊಂಡು ಹೋಗು."

"ಹಿಂದ್ಗಡೆ ನಿನ್ನ ಮೊಮ್ಮಗಳಿದಾಳಲ್ಲೇ." ಪುಟದ ಹಿಂಬದಿಯಲ್ಲಿ ಆರ್ಡಿತ್‌ಳ ಮೊಮ್ಮಗಳು ಸ್ನಾನದ ತೊಟ್ಟಿಯಲ್ಲಿ ತಲೆ ತುಂಬ ನೊರೆ ಇಟ್ಟುಕೊಂಡು ಕೂತಿದ್ದಳು.

"ಅವಳ್ನೂ ಕರ್ಕೊಂಡು ಹೋಗು. ಈಗಂತೂ ಒಂದು ಫೋನೂ ಮಾಡಲ್ಲ. ನಿನ್ಮನೇಲೇ ಇರ್ಲಿ."

ಪುಟ ಬಂತು. ಆರ್ಡಿತ್ ಅದನ್ನು ಮಾರ್ಲಿಸ್‌ಳ ಮಡಿಲಲ್ಲಿಟ್ಟಳು. ಆಮೇಲೆ ಬಿಚ್ಚಿದ ಹಾಳೆಗಳನ್ನು ಒಟ್ಟು ಮಾಡಿ ಯಾವ ಕ್ರಮವೂ ಇಲ್ಲದೆ ವಾಪಸು ಜೋಡಿಸತೊಡಗಿದಳು. ಮೊದಲೂ ಕ್ರಮ ಇರಲಿಲ್ಲ.

ಉಳಿದ ಮಧ್ಯಾಹ್ನವೆಲ್ಲ ಮಾರ್ಲಿಸ್ ಏನೂ ಮಾಡಲಿಲ್ಲ. ಪುಟವನ್ನು ದೀಪದ ಕೆಳಗೆ ಇಟ್ಟುಕೊಂಡು ಕೂತಳು. ಪಕ್ಕದಲ್ಲಿ ಲವಾನ್ ಕೆಲಸ ಮಾಡುತ್ತಿದ್ದಳು. ಅವಳು ಒಂದು ಫೋಟೋ ಕೈಗೆ ತಗೊಂಡು, ಅಚ್ಚು ಇಟ್ಟು, ಅಚ್ಚು ತೆಗೆದು, ಬಹಳ ಹೊತ್ತು ನೋಡಿ, ಇಡಿಯಾಗಿ ಅಂಟಿಸಿದಳು. ಸ್ವಲ್ಪ ಹೊತ್ತಿಗೆ ಆರ್ಡಿತ್ ಹಾಟ್‌ಡಿಶ್ ಬಿಸಿ ಮಾಡಿ ತಂದಳು. ತಟ್ಟೆಗೆ ಬಡಿಸುವಾಗ ಶಾಲೆಯ ಹಳೇ ಅಭ್ಯಾಸದಲ್ಲಿ "ಮುಂದಕ್ಕೆ ಹೋಗು, ಸಾಲು ನಿಲ್ಲಿಸ್ಬೇಡ" ಎಂದಳು. ಮಾರ್ಲಿಸ್ ಎರಡು ಸಲ ಹಾಕಿಸಿಕೊಂಡು ತಿಂದಳು. ಹಸಿವಾಗಿ ತಿಂದದ್ದು ಎಷ್ಟೋ ತಿಂಗಳ ಮೇಲೆ.

ಸಮಾಧಾನವಾಯಿತೆಂದು ಹೇಳುವಂತಿಲ್ಲ. ನೆರಳು ಸಿಕ್ಕಿತು. ನೆರಳಿನ ಯಜಮಾನ ಸಿಗಲಿಲ್ಲ. ಮಂಡಿ ಕಂಡ ಮೇಲೆ ಮಂಡಿಗೆ ಎಣ್ಣೆ ಹಚ್ಚಿದ್ದು ನೆನಪಾಯಿತು. ಟೋಪಿ ಕಂಡ ಮೇಲೆ ಅದರೊಳಗಿನ ಬೆವರಿನ ವಾಸನೆ ಬೇಕೆನಿಸಿತು. ಟೋಪಿಯನ್ನು ಅವಳು ಏಪ್ರಿಲ್‌ನಲ್ಲೇ ತೊಳೆದುಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಸಾಮಾನೆಲ್ಲ ವ್ಯಾನಿಗೆ ತುಂಬಿದ್ದಾಯಿತು. ಯಾರೂ ಬಂದು ಹೊರಗೆ ಕಾಯುತ್ತಿರಲಿಲ್ಲ. ಬೇಗ ಹೊರಡಿ ಎನ್ನುವವರಿರಲಿಲ್ಲ. ಆದರೂ ಅವರು ಬೇಗನೇ ಮುಗಿಸಿದ್ದರು.

"ಫೋಟೋ," ಎಂದಳು ಲವಾನ್. ಪ್ರತಿ ವರ್ಷ ಮೆಟ್ಟಿಲ ಮುಂದೆ ಒಂದು ತೆಗೆಯಬೇಕು. "ಮನೆಯೊಡತೀನ ಕರೀತೀನಿ ಇರ್ರೇ."

"ಬೇಡ. ನಾನು ತೆಗೀತೀನಿ," ಎಂದಳು ಮಾರ್ಲಿಸ್. "ಫೋನ್ ಕೊಡು."

"ನೀನಿರಲ್ವಲ್ಲೇ ಮತ್ತೆ ಫೋಟೋದಲ್ಲಿ?"

"ಕೊಡೇ ಸುಮ್ನೆ."

ಲವಾನ್ ಕೊಟ್ಟಳು. ಅವಳು, ಆರ್ಡಿತ್ ಇಬ್ಬರೂ ಹೋಗಿ ಮೆಟ್ಟಿಲ ಮುಂದೆ ನಿಂತರು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತರು. ಬೇಕೆಂದು ಬಿಟ್ಟದ್ದಲ್ಲ. ಇಷ್ಟು ವರ್ಷ ನಿಂತ ಅಭ್ಯಾಸ.

ಮಾರ್ಲಿಸ್ ಹುಲ್ಲಿನ ಮೇಲೆ ಹಿಂದೆ ಹಿಂದೆ ಹೋದಳು. ಸೂರ್ಯ ಬೆನ್ನಿಗೆ ಬಂದ. ಕುತ್ತಿಗೆಗೆ ಬೆಚ್ಚಗಾಯಿತು. ಅವನ ಕುತ್ತಿಗೆಗೂ ಇಲ್ಲಿ ಹೀಗೇ ಬೆಚ್ಚಗಾಗಿರಬೇಕು. ಅದನ್ನು ಅವಳು ಯಾವತ್ತೂ ಯೋಚಿಸಿರಲಿಲ್ಲ. ಅವಳು ಯಾವಾಗಲೂ ಆ ಕಡೆ, ಬಿಸಿಲಿಗೆ ಮುಖ ಕೊಟ್ಟು, ಬೇಗ ತೆಗೀರಿ ಎಂದು ಗೊಣಗುತ್ತ ನಿಂತವಳು.

ಫೋನ್ ಎತ್ತಿದಳು. ಮೊಣಕೈ ಅಗಲಿಸಿದಳು. ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸಿದಳು. ಹಾಗೆ ನಿಂತರೆ ಕೈ ಅಲುಗುವುದಿಲ್ಲ. ಅದಕ್ಕೇ ಅವನು ಹಾಗೆ ನಿಲ್ಲುತ್ತಿದ್ದದ್ದು.

"ಏಯ್, ನಿನ್ನ ನೆರಳು ಬೀಳ್ತಿದೆ," ಎಂದು ಲವಾನ್ ಕಣ್ಣು ಕಿರಿದು ಮಾಡಿಕೊಂಡೇ ಕೂಗಿದಳು. "ಸ್ವಲ್ಪ ಈ ಕಡೆ..." ಅಷ್ಟಕ್ಕೇ ನಿಲ್ಲಿಸಿದಳು.

ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಹೋಗಿತ್ತು. ತಲೆ ಅವರಿಬ್ಬರ ನಡುವಿನ ಖಾಲಿ ಜಾಗದಲ್ಲಿ ಬಿದ್ದಿತ್ತು.

"ಬೇಗ ತೆಗಿಯೇ, ಕಣ್ಣು ಉರೀತಿದೆ," ಎಂದಳು ಆರ್ಡಿತ್.

"ತಡಿ," ಎಂದಳು ಮಾರ್ಲಿಸ್. ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.